ಟೈರ್ ಬದಲಾಯಿಸಿದ ಮೇಲೆ ಮೈಲೇಜ್ 11ರಿಂದ 9ಕ್ಕೆ ಬಿತ್ತು. ನಿಜವಾಗ್ಲೂ ಬಿತ್ತಾ, ಇಲ್ಲ ನಾನು ಅಳೆಯೋದೇ ತಪ್ಪಾ?

ಮಣ್ಣುದಾರಿ:
ತುಂಬಾ ದಿನದಿಂದ ತಲೆ ಕೊರೀತಿರೋ ವಿಷಯ, ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ. ನನ್ನದು ಲ್ಯಾಡರ್ ಫ್ರೇಮ್ ಡೀಸೆಲ್ ಫೋರ್ ಬೈ ಫೋರ್, ಮ್ಯಾನ್ಯುಯಲ್ ಗೇರು, 60 ಲೀಟರ್ ಟ್ಯಾಂಕು. ತಗೊಂಡಾಗ 245/75 ಆರ್16 ಟೈರಿತ್ತು (ಅಗಲ 245 ಎಂಎಂ, ಬದಿಯ ಎತ್ತರ ಅದರ 75%, ರಿಮ್ಮು 16 ಇಂಚು), ಮಾಮೂಲಿ ರೋಡ್ ಟೈರು. ಆಗ ಫುಲ್ ಟ್ಯಾಂಕ್ ಲೆಕ್ಕದಲ್ಲಿ ಲೀಟರಿಗೆ 11.2 ಬರ್ತಿತ್ತು, ಒಂದ್ಸಲ ಅಲ್ಲ, ಎಷ್ಟೋ ಸಲ ನೋಡಿದ ಸರಾಸರಿ ಇದು. ಎರಡು ತಿಂಗಳ ಹಿಂದೆ 285/75 ಆರ್16 ಮಡ್ ಟೈರ್ ಹಾಕಿಸ್ದೆ. ಮೊನ್ನೆ ಫುಲ್ ಮಾಡ್ಸಿದಾಗ ಮೀಟರಲ್ಲಿ 412 ಕಿಮೀ ಆಗಿತ್ತು, 44.1 ಲೀಟರ್ ಹಿಡೀತು. ಅಂದ್ರೆ 9.34. ಡ್ಯಾಶ್‌ಬೋರ್ಡ್ ಕಂಪ್ಯೂಟರ್ ಮಾತ್ರ 10.1 ಅಂತ ತೋರಿಸ್ತಾ ನಗ್ತಾ ಕೂತಿದೆ. ಅದಾದ ವಾರ ಟ್ರೇಲಿಗೆ ಹೋಗಿದ್ವಿ, ಕಲ್ಲು, ಕೆಸರು, ಒಂದು ಹಳ್ಳ, ಅಲ್ಲಿ ಅದೇ ಕಂಪ್ಯೂಟರ್ 3.1 ಅಂತು. ನನ್ನ ಸ್ನೇಹಿತ ಒಬ್ಬನ ಹತ್ರ ಇದೇ ಗಾಡಿ ಇದೇ ಇಂಜಿನ್ ಇದೆ, ಅವನು 13 ಬರತ್ತೆ ಅಂತ ಎದೆ ತಟ್ಕೊಂಡು ಹೇಳ್ತಾನೆ. ಇಂಜೆಕ್ಟರ್ ಚೆಕ್ ಮಾಡಿಸ್ಲಾ? ಟೈರ್ ವಾಪಸ್ ಹಾಕ್ಲಾ? ಯಾವ ನಂಬರನ್ನ ನಂಬ್ಲಿ?

ಲೋರೇಂಜ್ ಭೀಮ:
ಮಡ್ ಟೈರ್ ಹಾಕ್ಕೊಂಡು ಮೈಲೇಜ್ ಯಾಕೆ ಬಿತ್ತು ಅಂತ ಕೇಳೋದು ಮಳೇಲಿ ನಿಂತ್ಕೊಂಡು ಅಂಗಿ ಯಾಕೆ ಒದ್ದೆ ಆಯ್ತು ಅಂತ ಕೇಳ್ದಂಗೆ ಗುರು. ಇಂಜೆಕ್ಟರ್ ಮುಟ್ಬೇಡ, ಪಾಪ ಅದರದ್ದೇನೂ ತಪ್ಪಿಲ್ಲ.

ಎಣಿಕೆ ಮಾಸ್ತರ:
ಭೀಮಣ್ಣ ಹೇಳಿದ್ದು ಅರ್ಧ ಸರಿ. ಬಿದ್ದಿದೆ, ಆದ್ರೆ ನೀವು ಅಂದ್ಕೊಂಡಷ್ಟು ಬಿದ್ದಿಲ್ಲ. ಮೊದಲು ಟೈರ್ ಲೆಕ್ಕ ಮಾಡಿ. 245ರ 75% ಅಂದ್ರೆ 183.75 ಎಂಎಂ, ಅದು ಎರಡು ಕಡೆ, ಮಧ್ಯ 16 ಇಂಚಿನ ರಿಮ್ಮು 406.4, ಒಟ್ಟು ವ್ಯಾಸ 773.9 ಎಂಎಂ. 285ಕ್ಕೆ ಇದೇ ಲೆಕ್ಕ ಹಾಕಿದ್ರೆ 833.9. ಅಂದ್ರೆ ಹೊಸ ಟೈರು 7.75% ದೊಡ್ಡದು. ಓಡೋಮೀಟರ್, ಅಂದ್ರೆ ಓಡಿದ ದೂರ ತೋರಿಸೋ ಮೀಟರು, ಎಣಿಸೋದು ಚಕ್ರದ ಸುತ್ತನ್ನ, ರಸ್ತೆಯನ್ನಲ್ಲ. ಅದಕ್ಕೆ ಈಗ್ಲೂ ಹಳೇ ಟೈರೇ ಇದೆ ಅನ್ನೋ ಭ್ರಮೆ. ಅದು 100 ಅಂದಾಗ ನೀವು ಸುಮಾರು 107.75 ಕಿಮೀ ಓಡಿರ್ತೀರಿ. ಹಾಗಾಗಿ ನಿಮ್ಮ 412 ನಿಜದಲ್ಲಿ 444ರ ಹತ್ರ, ಅದನ್ನ 44.1ರಿಂದ ಭಾಗಿಸಿದ್ರೆ 10.07. ಅಂದ್ರೆ ನಿಮ್ಮ ಲೆಕ್ಕದಲ್ಲಿ ಸುಮಾರು 17% ಬಿದ್ದಿದೆ ಅನ್ನಿಸಿದ್ದು ಅಸಲಿಗೆ 10% ಅಷ್ಟೇ. ಆ 10% ಬಿದ್ದಿದ್ದು ಟೈರಿನ ತೂಕ, ಅದರ ಗಡುಸು ಉಬ್ಬುಗಳು, ಅಗಲ, ಗಾಡಿ ಎತ್ತರ ಆಗಿದ್ದಕ್ಕೆ ಗಾಳಿಯ ತಡೆ, ಇವೆಲ್ಲ ಸೇರಿ. ಮಡ್ ಟೈರಿಗೆ ಇದು ಜಾಸ್ತಿ ಏನಲ್ಲ.

ಹೊಸಬ 44:
ಸರ್ ನನಗೆ ಗೊತ್ತಿರೋ ಪ್ರಕಾರ ಸ್ಪೀಡೋಮೀಟರ್ ಯಾವಾಗ್ಲೂ ಜಾಸ್ತಿ ತೋರಿಸತ್ತೆ, 100 ಅಂದ್ರೆ ನಿಜವಾಗ್ಲೂ 94-95 ಇರತ್ತೆ, ಜಿಪಿಎಸ್ಸಲ್ಲಿ ನಾನೇ ನೋಡಿದೀನಿ. ಹಾಗಾದ್ರೆ ದೊಡ್ಡ ಟೈರ್ ಹಾಕಿದ್ರೆ ಎರಡೂ ಸೇರಿ ಸರಿಹೋಗತ್ತೆ ಅಲ್ವಾ? ಲೆಕ್ಕ ತಿದ್ದೋದೇ ಬೇಡ.

ಎಣಿಕೆ ಮಾಸ್ತರ:
ಸ್ಪೀಡೋಮೀಟರ್ ಬೇರೆ, ಓಡೋಮೀಟರ್ ಬೇರೆ ತಮ್ಮಾ, ತುಂಬಾ ಜನ ಇಲ್ಲೇ ಎಡವೋದು. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸ್ಲೇಬಾರದು, ಜಾಸ್ತಿ ಬೇಕಾದ್ರೆ 10% ಮೇಲೆ 4 ಕಿಮೀವರೆಗೂ ತೋರಿಸ್ಬಹುದು. ಹಾಗಾಗಿ ಕಂಪನಿಯವರು ಬೇಕು ಅಂತಲೇ ಮುಳ್ಳನ್ನ ಮುಂದೆ ತಳ್ಳಿರ್ತಾರೆ. ಓಡೋಮೀಟರಿಗೆ ಹಂಗೆ ತಳ್ಳೋ ಅವಶ್ಯಕತೆ ಇಲ್ಲ, ಅದು ಸಾಮಾನ್ಯವಾಗಿ ಒಂದೆರಡು ಪರ್ಸೆಂಟ್ ಒಳಗೇ ಇರತ್ತೆ. ದೊಡ್ಡ ಟೈರ್ ಹಾಕಿದ್ಮೇಲೆ ವೇಗ ಸರಿಯಾಗಿ ತೋರಿಸ್ತಿದೆ ಅಂತ ಖುಷಿಪಟ್ರೆ, ಅದೇ ಟೈಮಲ್ಲಿ ದೂರ ಕಮ್ಮಿ ತೋರಿಸ್ತಿರತ್ತೆ.

@ಮಣ್ಣುದಾರಿ, ನಾನು ಕೊಟ್ಟ 7.75 ಬರೀ ಪುಸ್ತಕದ ಲೆಕ್ಕ. ಟೈರ್ ಬದಿಯಲ್ಲಿ ಬರೆದಿರೋ ಸೈಜಿಗೂ ಅಸಲಿ ಸೈಜಿಗೂ ವ್ಯತ್ಯಾಸ ಇರತ್ತೆ, ಬೇರೆಬೇರೆ ಕಂಪನಿಯ ಒಂದೇ ನಂಬರಿನ ಟೈರ್ ಪಕ್ಕಪಕ್ಕ ಇಟ್ಟು ನೋಡಿ ಗೊತ್ತಾಗತ್ತೆ. ಸವೆದ ಟೈರು ಇನ್ನೂ ಚಿಕ್ಕದು. ನೇರ ಹೈವೇಲಿ 50 ಕಿಲೋಮೀಟರ್ ಕಲ್ಲು ಎಣಿಸಿ, ಮೀಟರ್ ಎಷ್ಟು ತೋರಿಸ್ತು ಬರ್ಕೊಳ್ಳಿ, 50ನ್ನ ಅದರಿಂದ ಭಾಗಿಸಿದ್ರೆ ಬರೋದೇ ನಿಮ್ಮ ಗಾಡಿಯ ಗುಣಕ. ಇನ್ನೊಂದು ದಾರಿ, ಟೈರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸಮತಟ್ಟು ನೆಲದಲ್ಲಿ ಸರಿಯಾಗಿ ಹತ್ತು ಸುತ್ತು ಉರುಳಿಸಿ ಟೇಪಲ್ಲಿ ಅಳೀರಿ.

ಡೀಸೆಲಜ್ಜ:
ದೂರದ ಕಥೆ ಆಯ್ತು, ಡೀಸೆಲಿನ ಕಥೆ ಯಾರೂ ಎತ್ತಲೇ ಇಲ್ಲ. ಭಾಗಿಸೋ ನಂಬರೇ ತಪ್ಪಿದ್ರೆ ಮೇಲಿಂದು ಎಷ್ಟು ಶುದ್ಧ ಇದ್ದು ಏನು ಪ್ರಯೋಜನ.

"44.1 ಲೀಟರ್ ಹಿಡೀತು" ಅಂದ್ರಲ್ಲ, ಬಂಕಿನ ಮೀಟರ್ ಸರಿಯಾಗೇ ಇರ್ಲಿ ಅಂತ ಇಟ್ಕೊಳ್ಳಿ, ಪ್ರಶ್ನೆ ಅದಲ್ಲ. ಹಿಂದಿನ ಸಲದ ಫುಲ್ಲೂ ಈ ಸಲದ ಫುಲ್ಲೂ ಒಂದೇ ಫುಲ್ಲಾ? ಡೀಸೆಲ್ ನೊರೆ ಕಟ್ಟತ್ತೆ. ಹುಡುಗ ಗನ್ ಜೋರಾಗಿ ಒತ್ತಿ ಹಿಡಿದ್ರೆ ನೊರೆ ಮೇಲೆ ಬಂದು ಗನ್ನಿನ ತುದಿಯ ತೂತು ಮುಚ್ಚಿ ಟಕ್ ಅಂತ ಕಟ್ ಆಗತ್ತೆ, ಒಳಗೆ ಇನ್ನೂ ಜಾಗ ಇರತ್ತೆ. ಎರಡು ನಿಮಿಷ ಬಿಟ್ಟು ಮತ್ತೆ ಹಾಕಿದ್ರೆ ಇನ್ನೊಂದೆರಡು ಲೀಟರ್ ಇಳಿಯತ್ತೆ. ಈ ಗಾಡಿಗಳ ಟ್ಯಾಂಕು ಚಪ್ಪಟೆ, ಉದ್ದ, ಚಾಸಿ ಪಕ್ಕದಲ್ಲಿ ಮಲಗಿರತ್ತೆ, ಗಾಡಿ ಸ್ವಲ್ಪ ವಾಲಿ ನಿಂತಿದ್ರೂ ಒಂದು ಮೂಲೆಯಲ್ಲಿ ಗಾಳಿ ಸಿಕ್ಕಾಕ್ಕೊಳತ್ತೆ. ಸಬ್ ಟ್ಯಾಂಕ್ (ಎರಡನೇ ಟ್ಯಾಂಕು) ಹಾಕ್ಸಿದೋರ ಕಥೆ ಅಂತೂ ಕೇಳಲೇಬೇಡಿ, ಒಂದರಿಂದ ಇನ್ನೊಂದಕ್ಕೆ ಇಳಿಯೋ ತನಕ ಯಾವುದು ಫುಲ್ ಅಂತ ದೇವರಿಗೇ ಗೊತ್ತು.

ಒಂದೂವರೆ ಲೀಟರ್ ಆಚೆಈಚೆ ಆದ್ರೆ ಏನ್ಮಹಾ ಅಂತೀರಾ? 15 ಲೀಟರ್ ಹಾಕ್ಸಿ ಮೈಲೇಜ್ ಲೆಕ್ಕ ಹಾಕೋರಿಗೆ ಅದೇ 10%. 44 ಲೀಟರಿಗೆ 3.4%. ಅದಕ್ಕೆ ನಾನು ಒಂದು ಫಿಲ್ಲಿಂಗಿಗೆ ಮೈಲೇಜ್ ಹೇಳೋರ ಮಾತು ಕೇಳೋದೇ ಇಲ್ಲ. ಐದು ಸಲ ಹಾಕ್ಸಿ, ಮಧ್ಯದ್ದು ಹೆಂಗಾದ್ರೂ ತುಂಬ್ಲಿ, ಅರ್ಧ ಹಾಕ್ಸಿದ್ರೂ ಪರವಾಗಿಲ್ಲ, ಎಲ್ಲ ಲೀಟರ್ ಕೂಡಿಸ್ತಾ ಹೋಗಿ. ಮೊದಲನೇ ಫುಲ್ಲು ಕೊನೇ ಫುಲ್ಲು ಇವೆರಡು ಮಾತ್ರ ಒಂದೇ ಬಂಕು, ಒಂದೇ ಪಂಪು, ಗಾಡಿ ಒಂದೇ ದಿಕ್ಕು, ಗನ್ ನಿಧಾನ, ಇಷ್ಟಿದ್ರೆ ಸಾಕು. ಆಗ ಅದೇ ಒಂದೂವರೆ ಲೀಟರ್ ತಪ್ಪು 200 ಲೀಟರಿಗೆ ಹಂಚಿ ಹೋಗಿ ಮುಕ್ಕಾಲು ಪರ್ಸೆಂಟಿಗೆ ಇಳಿಯತ್ತೆ.

ಹಾಂ, ಬಿಸಿಲಿನ ವಿಷಯ ಕೇಳೋರು ಬರ್ತಾರೆ. ಡೀಸೆಲ್ ಒಂದು ಡಿಗ್ರಿಗೆ ಸುಮಾರು 0.08% ಹಿಗ್ಗತ್ತೆ, ಪೆಟ್ರೋಲ್ ಇನ್ನೂ ಸ್ವಲ್ಪ ಜಾಸ್ತಿ, 0.1% ಹತ್ರ. ಆದ್ರೆ ಬಂಕಿನ ಟ್ಯಾಂಕು ನೆಲದೊಳಗೆ ಇರೋದು, ಬೆಳಗ್ಗೆ ಸಂಜೆ ದೊಡ್ಡ ವ್ಯತ್ಯಾಸ ಆಗಲ್ಲ. ಬೆಳಗ್ಗೆ ಐದಕ್ಕೆ ಎದ್ದು ಹೋಗೋದು ಬೇಡ, ಮಲಗಿ.

ಗ್ರೀಸ್ ಕೈ:
ಅಜ್ಜ ಹೇಳಿದ್ದಕ್ಕೆ ನೂರಕ್ಕೆ ನೂರು. ನಾನು ಗ್ಯಾರೇಜ್ ಕೆಲಸದವನು, ಕಂಪ್ಯೂಟರ್ ತೋರಿಸೋ ಮೈಲೇಜ್ ಬಗ್ಗೆ ಮಾತ್ರ ಹೇಳ್ತೀನಿ.

ಡ್ಯಾಶಲ್ಲಿ ಬರೋ ನಂಬರು ಡೀಸೆಲ್ ಅಳೆದು ಬರೋದಲ್ಲ. ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರು) ಇಂಜೆಕ್ಟರಿಗೆ ಇಷ್ಟು ಹೊತ್ತು ತೆರೆ ಅಂತ ಹೇಳಿರತ್ತೆ, ಅಷ್ಟು ಹೊತ್ತಲ್ಲಿ ಇಷ್ಟು ಇಳಿದಿರತ್ತೆ ಅಂತ ಲೆಕ್ಕ ಕಟ್ಟತ್ತೆ. ಹೇಳಿದ್ದು ಬೇರೆ, ಇಳಿದಿದ್ದು ಬೇರೆ. ಇಂಜೆಕ್ಟರ್ ಹಳೇದಾಗಿ ಸ್ವಲ್ಪ ಜಾಸ್ತಿ ಬಿಡ್ತಿದ್ರೆ ಕಂಪ್ಯೂಟರಿಗೆ ಗೊತ್ತೇ ಆಗಲ್ಲ. ದೂರ ಮಾತ್ರ ಅದೇ ಓಡೋಮೀಟರಿಂದ ತಗೊಳ್ಳೋದು, ಅಂದ್ರೆ ಟೈರಿನ ತಪ್ಪು ಇಲ್ಲೂ ಇರತ್ತೆ. ನಿಮ್ಮದು 10.1 ತೋರಿಸ್ತು, ಅದೇ ಮೀಟರಿನ ದೂರಕ್ಕೆ ಬಂಕಿನ ಲೆಕ್ಕ 9.34. ಕಂಪ್ಯೂಟರ್ 8% ಬಡಾಯಿ ಕೊಚ್ತಿದೆ. ನಾನು ನೋಡಿದ ಗಾಡಿಗಳಲ್ಲಿ ಬಡಾಯಿ ಕಡೆಗೇ ಜಾಸ್ತಿ, ಕಮ್ಮಿ ತೋರಿಸಿದ್ದು ಅಪರೂಪ. ಒಳ್ಳೇದು ಏನು ಅಂದ್ರೆ ಒಂದೇ ಗಾಡಿಯಲ್ಲಿ ಈ ಬಡಾಯಿ ಹೆಚ್ಚುಕಮ್ಮಿ ಒಂದೇ ಸಮ ಇರತ್ತೆ, ಹಾಗಾಗಿ ನಿನ್ನೆಗಿಂತ ಇವತ್ತು ಹೆಂಗೆ ಅಂತ ನೋಡೋಕೆ ಅದು ಸಾಕು. ನಿಮ್ಮ ಗಾಡಿ ನಂಬರ್ ತಂದು ಇನ್ನೊಬ್ಬರ ಗಾಡಿಗೆ ಹೋಲಿಸೋಕೆ ಸಾಲದು.

ಇನ್ನು ಡಿಪಿಎಫ್, ಅಂದ್ರೆ ಮಸಿ ಹಿಡಿಯೋ ಫಿಲ್ಟರ್, ಇರೋ ಗಾಡಿ ಆದ್ರೆ, ಹೊಗೆಯ ಮಸಿ ಸುಡೋಕೆ ಸೈಲೆನ್ಸರ್ ಒಳಗೆ 600 ಡಿಗ್ರಿ ಹತ್ರ ಬೇಕು, ಅದಕ್ಕೆ ಇಸಿಯು ಎಕ್ಸ್‌ಟ್ರಾ ಡೀಸೆಲ್ ಹೊಡೆಯತ್ತೆ. ಗಂಟೆಗಟ್ಲೆ ಲೋ ರೇಂಜಲ್ಲಿ (ವೇಗ ಇಳಿಸಿ ಎಳೆತ ಹೆಚ್ಚಿಸೋ ಫೋರ್ ಬೈ ಫೋರ್ ಗೇರು) ತೆವಳಿದ ಗಾಡಿಯಲ್ಲಿ ಬಿಸಿ ಸಾಲದೆ ಮಸಿ ಕೂತಿರತ್ತೆ, ಟ್ರೇಲ್ ಮುಗಿಸಿ ಹೈವೇಗೆ ಬಂದ ಮೇಲೆ ರೀಜೆನ್, ಅಂದ್ರೆ ಮಸಿ ಸುಡೋ ಕೆಲಸ, ಶುರು. ಆಗ ಹೈವೇ ಮೈಲೇಜ್ ಬಿದ್ದಂಗೆ ಕಾಣತ್ತೆ, ಅಸಲಿಗೆ ಅದು ಟ್ರೇಲಿನ ಸಾಲ ತೀರಿಸ್ತಿರೋದು.

ಗಾಡಿಯ ಕಂಪ್ಯೂಟರ್ ಓದೋ ಬ್ಲೂಟೂತ್ ಓಬಿಡಿ ಡಾಂಗಲ್ ಹಾಕಿ ಮೊಬೈಲಲ್ಲಿ ಮೈಲೇಜ್ ನೋಡೋರಿಗೂ ಒಂದ್ಮಾತು. ಕೆಲವು ಆ್ಯಪ್ ಗಾಳಿಯ ಹರಿವು ನೋಡಿ ಅದನ್ನ 14.7ರಿಂದ (ಒಂದು ಪಾಲು ಪೆಟ್ರೋಲಿಗೆ ಬೇಕಾದ ಗಾಳಿಯ ಪಾಲು) ಭಾಗಿಸಿ ಇಂಧನ ಲೆಕ್ಕ ಕಟ್ಟತ್ತೆ. ಪೆಟ್ರೋಲಿಗೆ ಅದು ನಡೆಯತ್ತೆ. ಡೀಸೆಲ್ ಯಾವಾಗ್ಲೂ ಗಾಳಿ ಜಾಸ್ತಿ ಇಟ್ಕೊಂಡೇ ಉರಿಯೋದು, ಅಲ್ಲಿ ಆ ಲೆಕ್ಕ ಸುಳ್ಳು. ಇಸಿಯು ನೇರವಾಗಿ ಗಂಟೆಗೆ ಎಷ್ಟು ಲೀಟರ್ ಅಂತ ಕೊಡೋ ಗಾಡಿಯಾದ್ರೆ ಮಾತ್ರ ನೋಡಿ.

ಹೊಸಬ 44:
ಹಾಗಾದ್ರೆ ಕಂಪನಿ ಕೊಡೋ ನಂಬರೇ ಪಕ್ಕಾ ಅಲ್ವಾ ಸರ್? ಅದು ಲ್ಯಾಬಲ್ಲಿ ಅಳೆದಿದ್ದು.

ಲೋರೇಂಜ್ ಭೀಮ:
🙂🙂🙂

ಎಣಿಕೆ ಮಾಸ್ತರ:
ನಗ್ಬೇಡಿ ಭೀಮಣ್ಣ, ಕೇಳಿದ್ದು ನ್ಯಾಯವಾದ ಪ್ರಶ್ನೆ. ಲ್ಯಾಬಿನ ಅಳತೆ ಶುದ್ಧವಾಗೇ ಇರತ್ತೆ, ಇಂಧನವನ್ನ ಹೊಗೆಯಲ್ಲಿರೋ ಇಂಗಾಲ ಲೆಕ್ಕ ಹಾಕಿ ಕಂಡುಹಿಡೀತಾರೆ, ಬಂಕಿನ ನೊರೆಯ ತಲೆನೋವಿಲ್ಲ. ತೊಂದರೆ ಇರೋದು ಯಾವ ಓಟವನ್ನ ಅಳೀತಿದ್ದಾರೆ ಅನ್ನೋದ್ರಲ್ಲಿ. ಯುರೋಪಿನ ಹಳೇ ಎನ್‌ಇಡಿಸಿ ಪರೀಕ್ಷೆ 20 ನಿಮಿಷ, 11 ಕಿಮೀ, ಮೆತ್ತಗೆ ಮೆತ್ತಗೆ ವೇಗ ಏರಿಸೋ ಓಟ. ಅದರ ಬದಲು 2017ರಿಂದ ಬಂದ ಡಬ್ಲ್ಯುಎಲ್‌ಟಿಪಿ ಪರೀಕ್ಷೆ 30 ನಿಮಿಷ, 23 ಕಿಮೀ, ಗರಿಷ್ಠ 131 ಕಿಮೀ ವೇಗ, ಅದು ಎಷ್ಟೋ ವಾಸಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2008ರ ಮಾಡೆಲಿಂದ ಐದು ಬೇರೆಬೇರೆ ಓಟಗಳನ್ನ ಆಧಾರ ಮಾಡ್ಕೊಂಡಿದೆ, ಎಸಿ ಹಾಕಿ ಒಂದು, ಮೈನಸ್ 7 ಡಿಗ್ರಿ ಚಳೀಲಿ ಒಂದು, ಜೋರು ವೇಗದಲ್ಲಿ ಒಂದು ಹೀಗೆ. ಇದರಲ್ಲಿ ಯಾವುದರಲ್ಲೂ ಕೆಸರಿಲ್ಲ, ಕಲ್ಲಿಲ್ಲ, ಲೋ ರೇಂಜ್ ಇಲ್ಲ.

ಮುಖ್ಯವಾದ್ದು ಇನ್ನೊಂದಿದೆ. ಗಾಡಿ ರೋಲರ್ ಮೇಲೆ ನಿಂತೇ ಓಡೋದು, ಗಾಳಿ ಎದುರಿಗೆ ಬರಲ್ಲ. ಹಾಗಾದ್ರೆ ಗಾಳಿಯ ತಡೆ, ಟೈರಿನ ತಡೆ ರೋಲರಿಗೆ ಹೆಂಗೆ ಗೊತ್ತಾಗತ್ತೆ? ಮೊದಲೇ ಹೊರಗಡೆ ಟ್ರ್ಯಾಕಲ್ಲಿ ಗಾಡಿನ ಜೋರಾಗಿ ಓಡಿಸಿ ನ್ಯೂಟ್ರಲ್ಲಿಗೆ ಹಾಕಿ ತಾನಾಗೇ ಎಷ್ಟು ಹೊತ್ತಲ್ಲಿ ವೇಗ ಇಳಿಯತ್ತೆ ಅಂತ ನೋಡಿರ್ತಾರೆ, ಕೋಸ್ಟ್ ಡೌನ್ ಅಂತಾರೆ, ಆ ನಂಬರನ್ನ ರೋಲರಿಗೆ ಕೊಡೋದು. ಅಲ್ಲಿ ತಪ್ಪಿದ್ರೆ ಮುಂದಿನದೆಲ್ಲಾ ತಪ್ಪೇ. 2012ರಲ್ಲಿ ಹ್ಯುಂಡೈ ಮತ್ತು ಕಿಯಾ ಅಮೆರಿಕದಲ್ಲಿ ಸುಮಾರು 9 ಲಕ್ಷ ಗಾಡಿಗಳ ಮೈಲೇಜ್ ಕೆಳಗಿಳಿಸಿ ತಿದ್ದಬೇಕಾಯ್ತಲ್ಲ, ಮೂಲ ಇದೇ, 2014ರಲ್ಲಿ 10 ಕೋಟಿ ಡಾಲರ್ ದಂಡ ಕಟ್ಟೋದಕ್ಕೂ ಒಪ್ಕೊಂಡ್ರು. 2016ರಲ್ಲಿ ಜಪಾನಲ್ಲಿ ಮಿತ್ಸುಬಿಷಿ ಸಿಕ್ಕಿಬಿದ್ದಿದ್ದೂ ಇದೇ ಓಟದ ತಡೆಯ ಅಂಕಿಗಳಲ್ಲಿ, ನಿಯಮದ ವಿಧಾನ ಬಿಟ್ಟು ಬೇರೆ ವಿಧಾನದಲ್ಲಿ ಅಳೀತಿದ್ದಿದ್ದು 1991ರಿಂದ ಅಂತ ಅವರೇ ಒಪ್ಕೊಂಡ್ರು.

ನಮ್ಮ ಪೆಟ್ಟಿಗೆ ಆಕಾರದ ಗಾಡಿಗಳಿಗೆ ಈ ತಡೆ ನಂಬರೇ ಪ್ರಾಣ. ಮರ್ಸಿಡಿಸ್ ಜಿ ಕ್ಲಾಸ್ ನೋಡಿ, 2024ರಲ್ಲಿ ಮುಂಗಂಬ, ಬಾನೆಟ್ ಎಲ್ಲ ತಿದ್ದಿ ಗಾಳಿಯ ತಡೆಯ ಗುಣಾಂಕ 0.53ರಿಂದ 0.44ಕ್ಕೆ ತಂದ್ರು. ಅದಕ್ಕೇ ಅಷ್ಟು ಒದ್ದಾಡಿದ್ರೆ, ನೀವು ಮೇಲೆ ರೂಫ್ ರ‍್ಯಾಕ್, ಟೆಂಟ್, ಮುಂದೆ ಕಬ್ಬಿಣದ ಬಂಪರ್ ಹಾಕ್ಕೊಂಡ ಮೇಲೆ ಕಂಪನಿ ನಂಬರ್ ನಿಮ್ಮ ಗಾಡಿದಲ್ಲ, ನೀವು ತಗೊಂಡಾಗ ಇದ್ದ ಗಾಡಿದು. ವೇಗ 80ರಿಂದ 100 ಆದ್ರೆ ಗಾಳಿಯ ತಡೆ ಒಂದೂವರೆ ಪಟ್ಟಿಗಿಂತ ಜಾಸ್ತಿ.

ಗ್ರೀಸ್ ಕೈ:
ಇದಕ್ಕೆ ಸೇರಿಸ್ತೀನಿ. ಯುರೋಪಲ್ಲಿ 2021ರಿಂದ ಎಲ್ಲಾ ಹೊಸ ಕಾರಲ್ಲೂ ಇಂಧನ ಲೆಕ್ಕ ಇಡೋ ವ್ಯವಸ್ಥೆ ಒಳಗೇ ಇರ್ಬೇಕು, 5% ಒಳಗೆ ಸರಿ ಇರ್ಬೇಕು ಅಂತ ಕಾನೂನು. ಆ ಡೇಟಾ ತೆಗೆದು ಯುರೋಪಿಯನ್ ಕಮಿಷನ್ 2024ರಲ್ಲಿ ವರದಿ ಕೊಟ್ಟಿತ್ತು. ಪೆಟ್ರೋಲ್ ಡೀಸೆಲ್ ಕಾರು ರಸ್ತೆ ಮೇಲೆ ಡಬ್ಲ್ಯುಎಲ್‌ಟಿಪಿ ನಂಬರಿಗಿಂತ ಸರಾಸರಿ 20% ಜಾಸ್ತಿ ಕುಡೀತಿತ್ತು, ಪ್ಲಗ್ ಇನ್ ಹೈಬ್ರಿಡ್ ಅಂತೂ ಮೂರೂವರೆ ಪಟ್ಟು. ಜನ ಚಾರ್ಜ್ ಹಾಕೋದೇ ಇಲ್ಲ ನೋಡಿ. ಇದೆಲ್ಲ ಡಾಂಬರು ರಸ್ತೆ ಕಾರಿನ ಕಥೆ, ಆಫ್ ರೋಡ್ ಅಲ್ಲ.

ಲೋರೇಂಜ್ ಭೀಮ:
ಈಗ ನಾನು ಸೀರಿಯಸ್ಸಾಗಿ ಹೇಳ್ತೀನಿ. ಟ್ರೇಲಲ್ಲಿ ಲೀಟರಿಗೆ ಎಷ್ಟು ಕಿಮೀ ಅನ್ನೋ ಪ್ರಶ್ನೆನೇ ತಪ್ಪು. 3.1 ಬಂತು ಅಂತ ಮಣ್ಣುದಾರಿ ಹೆದರ್ಕೊಂಡಿದಾರೆ, ನನ್ನ ಗಾಡಿ ಒಂದ್ಸಲ 0.9 ಬಂದಿತ್ತು, ಎಲ್ಲಿ ಗೊತ್ತಾ, ಒಂದೇ ಏರಲ್ಲಿ ಮುಕ್ಕಾಲು ಗಂಟೆ ಒದ್ದಾಡಿ ಆಮೇಲೆ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯೋ ಮೋಟರು) ಹಾಕಿ ಎಳ್ಕೊಂಡಿದ್ದು. ವಿಂಚ್ ನಡೀಬೇಕಾದ್ರೆ ಬ್ಯಾಟರಿ ಬೀಳ್ಬಾರ್ದು ಅಂತ ಇಂಜಿನ್ 1500 ಆರ್‌ಪಿಎಂ ಇಟ್ಟಿದ್ವಿ. ಗಾಡಿ ಹೋಗಿದ್ದು 30 ಮೀಟರು. ಅದನ್ನ ಕಿಮೀಗೆ ಭಾಗಿಸಿ ಏನ್ ಮಾಡ್ತೀರಾ?

ಲೋ ರೇಂಜಲ್ಲಿ ಏನಾಗತ್ತೆ ನೋಡಿ. ಜಿಮ್ನಿಯಲ್ಲಿ ಲೋ ಅನುಪಾತ 2 ಹತ್ರ, ರ‍್ಯಾಂಗ್ಲರ್ ರುಬಿಕಾನಲ್ಲಿ 4. ಅಂದ್ರೆ ಅದೇ ಗೇರು ಅದೇ ಆರ್‌ಪಿಎಂಗೆ ರುಬಿಕಾನ್ ಹೈ ರೇಂಜಲ್ಲಿ ಹೋಗೋದರ ಕಾಲು ಭಾಗ ದೂರ ಹೋಗತ್ತೆ. ಇಂಜಿನ್ ಸುತ್ತೋಕೆ, ಅದರ ಒಳಗಿನ ಘರ್ಷಣೆಗೆ ಬೇಕಾದ ಡೀಸೆಲ್ ಮಾತ್ರ ಅಷ್ಟೇ ಬೇಕು. ಸುಮ್ನೆ ಐಡಲಲ್ಲಿ ನಿಂತ್ರೂ ಇಂಥ ಡೀಸೆಲ್ ಇಂಜಿನ್ ಗಂಟೆಗೆ ಮುಕ್ಕಾಲು ಲೀಟರ್ ಹತ್ರ ಕುಡಿಯತ್ತೆ, ಮುಂದಿನ ಗಾಡಿ ಸಿಕ್ಕಾಕ್ಕೊಂಡಿದೆ ಅಂತ ಎಸಿ ಹಾಕ್ಕೊಂಡು ಕಾಯೋ ಎರಡು ಗಂಟೆ ಯಾರ ಲೆಕ್ಕಕ್ಕೆ?

ಮರಳಾದ್ರೆ ಇನ್ನೊಂದು ಕಥೆ. ಡಾಂಬರಲ್ಲಿ ಉರುಳೋ ತಡೆ ಗಾಡಿ ತೂಕದ 1.5% ಹತ್ರ, ಸಡಿಲ ಮರಳಲ್ಲಿ 30% ತನಕ ಹೋಗತ್ತೆ. ಎರಡು ಟನ್ ಗಾಡಿಗೆ 30 ಕೆಜಿ ಎಳೆಯೋದಕ್ಕೂ 600 ಕೆಜಿ ಎಳೆಯೋದಕ್ಕೂ ಇರೋ ವ್ಯತ್ಯಾಸ. ಟೈರಿನ ಗಾಳಿ ಇಳಿಸಿದ್ರೆ ಅರ್ಧ ಸಮಸ್ಯೆ ಹೋಗತ್ತೆ, ಇಳಿಸದೆ ಆಕ್ಸಿಲರೇಟರ್ ಒತ್ತೋರು ಡೀಸೆಲ್ ಸುಡೋದು ಮರಳು ತೋಡೋಕೆ.

ಅದಕ್ಕೆ ನಾನು ಬರ್ಕೊಳ್ಳೋದು ಗಂಟೆಗೆ ಲೀಟರು. ಟ್ರ್ಯಾಕ್ಟರಿನೋರು, ಜೆಸಿಬಿಯೋರು, ದೋಣಿಯೋರು ಎಲ್ಲ ಹಂಗೇ ಲೆಕ್ಕ ಇಡೋದು, ಅವರೇನು ದಡ್ಡರಾ?

ಕಾಡುಹಾದಿ:
ಭೀಮ ಸರ್ ಮಾತು ಒಪ್ತೀನಿ, ಆದ್ರೆ ಗಂಟೆ ಲೆಕ್ಕಕ್ಕೂ ಒಂದು ತೊಡಕಿದೆ. ಮೂರ್ನಾಲ್ಕು ದಿನ ಬಂಕೇ ಸಿಗದ ಕಡೆ ಹೋಗೋವಾಗ ಜೆರಿ ಕ್ಯಾನ್ ಎಷ್ಟು ಹೊರಬೇಕು ಅಂತ ತೀರ್ಮಾನ ಮಾಡ್ಬೇಕು, ಮ್ಯಾಪಲ್ಲಿ ಕಿಮೀ ಇರತ್ತೆ, ಗಂಟೆ ಇರಲ್ಲ. ನಾನು ಎರಡೂ ಇಟ್ಕೊತೀನಿ, ರಸ್ತೆಗೆ ಕಿಮೀ, ಟ್ರೇಲಿಗೆ ಗಂಟೆ, ಕೊನೆಗೆ ಲೀಟರ್ ಲೀಟರ್ ಕೂಡಿಸೋದು.

ಇಲ್ಲಿ ಒಂದು ತಪ್ಪು ಎಲ್ಲರೂ ಮಾಡ್ತಾರೆ, ನಾನೂ ಮೊದಲು ಮಾಡಿ ಅನುಭವಿಸಿದೀನಿ. 60 ಕಿಮೀ ರಸ್ತೆ ಲೀಟರಿಗೆ 12, 60 ಕಿಮೀ ಟ್ರೇಲ್ ಲೀಟರಿಗೆ 4 ಅಂತ ಇಟ್ಕೊಳ್ಳಿ. ಸರಾಸರಿ ಎಷ್ಟು? 8 ಅಂತೀರಿ, 15 ಲೀಟರ್ ಸಾಕು ಅಂತೀರಿ. ಅಲ್ಲ. ರಸ್ತೆಗೆ 5 ಲೀಟರ್, ಟ್ರೇಲಿಗೆ 15, ಒಟ್ಟು 20, ಸರಾಸರಿ 6. ಐದು ಲೀಟರ್ ಕಮ್ಮಿ ಬಿದ್ದು ನಾನು ಬೇರೆಯವರ ಗಾಡಿಯಿಂದ ಪೈಪ್ ಹಾಕಿ ಎಳೆದಿದ್ದು ಇದೇ ಲೆಕ್ಕದಿಂದ, ಬಾಯಲ್ಲಿ ಡೀಸೆಲ್ ರುಚಿ ಎರಡು ದಿನ ಹೋಗ್ಲಿಲ್ಲ. 100 ಕಿಮೀಗೆ ಎಷ್ಟು ಲೀಟರ್ ಅಂತ ಇಟ್ಕೊಂಡ್ರೆ ಈ ಗೊಂದಲವೇ ಇಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಲ್ಯಾರಿಕ್ ಮತ್ತು ಸೋಲ್ 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದು ಹೆಚ್ಚುಕಮ್ಮಿ ಇದನ್ನೇ, ಗ್ಯಾಲನ್ನಿಗೆ ಎಷ್ಟು ಮೈಲಿ ಅಂತ ಯೋಚಿಸೋದೇ ಜನರ ಲೆಕ್ಕ ತಪ್ಪಿಸತ್ತೆ ಅಂತ.

ಗ್ಯಾಲನ್ ಅಂದಾಗ ನೆನಪಾಯ್ತು, ಹೊರಗಿನೋರು ಬರೆದಿದ್ದು ಓದೋವಾಗ ಯಾವ ಗ್ಯಾಲನ್ ನೋಡ್ಕೊಳ್ಳಿ. ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿಂದು 4.546. ಗ್ಯಾಲನ್ನಿಗೆ 20 ಮೈಲಿ ಅಂದ್ರೆ ಅಮೆರಿಕದ ಲೆಕ್ಕದಲ್ಲಿ ಲೀಟರಿಗೆ 8.5 ಕಿಮೀ, ಬ್ರಿಟನ್ನಿನ ಲೆಕ್ಕದಲ್ಲಿ 7.1.

ಮಣ್ಣುದಾರಿ:
ಎಲ್ಲರಿಗೂ ಥ್ಯಾಂಕ್ಸ್, ತಲೆ ಗಿರ್ ಅಂತಿದೆ ಆದ್ರೆ ಅರ್ಥ ಆಗ್ತಿದೆ. ಒಂದು ಡೌಟು. ಟ್ರೇಲಲ್ಲಿ ದೂರ ಜಿಪಿಎಸ್ಸಲ್ಲಿ ನೋಡಿದ್ರೆ ಟೈರ್ ತಲೆನೋವೇ ಇರಲ್ಲ ಅಲ್ವಾ?

ಕಾಡುಹಾದಿ:
ರಸ್ತೆಯಲ್ಲಿ ಸರಿ. ಟ್ರೇಲಲ್ಲಿ ಜಿಪಿಎಸ್ ಎರಡು ಥರ ಸುಳ್ಳು ಹೇಳತ್ತೆ, ಅದೂ ಒಂದಕ್ಕೊಂದು ಉಲ್ಟಾ. ಫೋನು ಬ್ಯಾಟರಿ ಉಳಿಸೋಕೆ ಅಂತ ಹತ್ತು ಸೆಕೆಂಡಿಗೊಮ್ಮೆ ಬಿಂದು ಇಟ್ರೆ ತಿರುವುಗಳನ್ನೆಲ್ಲ ನೇರ ಗೆರೆ ಎಳೆದು ಕತ್ತರಿಸಿ ಹಾಕತ್ತೆ, ದೂರ ಕಮ್ಮಿ ಬರತ್ತೆ. ಸೆಕೆಂಡಿಗೊಮ್ಮೆ ಇಟ್ರೆ ಮರದ ಕೆಳಗೆ ಸಿಗ್ನಲ್ ಅಲ್ಲಾಡಿ ಗಾಡಿ ನಿಂತಲ್ಲೇ ಅಲೆದಾಡಿದಂಗೆ ತೋರಿಸತ್ತೆ, ದೂರ ಜಾಸ್ತಿ. ಏರಿಳಿತ ಲೆಕ್ಕಕ್ಕೆ ತಗೊಳಲ್ಲ ಅಂತ ಕೆಲವರು ಕೊರಗ್ತಾರೆ, ಅದು ಚಿಕ್ಕ ವಿಷಯ, 100 ಮೀಟರಿಗೆ 20 ಮೀಟರ್ ಏರೋ ಕಡಿದಾದ ದಾರಿಯಲ್ಲೂ ವ್ಯತ್ಯಾಸ 2% ಅಷ್ಟೇ.

ಲೋರೇಂಜ್ ಭೀಮ:
ಓಡೋಮೀಟರ್ ಏನು ಕಮ್ಮಿನಾ, ಕೆಸರಲ್ಲಿ ಚಕ್ರ ಸುಮ್ನೆ ತಿರುಗಿದ್ದನ್ನೂ ದೂರ ಅಂತ ಬರ್ಕೊಳತ್ತೆ. ನಿಂತಲ್ಲೇ ಅರ್ಧ ಕಿಮೀ ಓಡಿರ್ತೀವಿ.

ಗ್ರೀಸ್ ಕೈ:
ಲೋ ರೇಂಜ್ ಹಾಕಿದ್ರೆ ಮೀಟರ್ ತಪ್ಪು ಎಣಿಸತ್ತೆ ಅಂತ ಕೆಲವರು ನಂಬಿದಾರೆ, ಮುಂದೆ ಯಾರಾದ್ರೂ ಕೇಳೋ ಮೊದಲೇ ಹೇಳಿಬಿಡ್ತೀನಿ. ಸೆನ್ಸರು ಸಾಮಾನ್ಯವಾಗಿ ಟ್ರಾನ್ಸ್‌ಫರ್ ಕೇಸ್ (ಹೈ ಲೋ ಬದಲಿಸೋ ಗೇರ್ ಪೆಟ್ಟಿಗೆ) ಆದ ಮೇಲೆ ಇರತ್ತೆ, ಇಲ್ಲಾಂದ್ರೆ ಚಕ್ರದ ಎಬಿಎಸ್ ಸೆನ್ಸರಿಂದ ಬರತ್ತೆ. ಅದಕ್ಕೆ ಹೈ ಲೋ ಒಂದೇ. ಗಾಳಿ ಇಳಿಸಿದ್ರೂ ಭಾರೀ ವ್ಯತ್ಯಾಸ ಆಗಲ್ಲ, ರೇಡಿಯಲ್ ಟೈರಿನ ಒಳಗೆ ಸ್ಟೀಲ್ ಬೆಲ್ಟ್ ಇರೋದ್ರಿಂದ ಟೈರ್ ಚಪ್ಪಟೆ ಆದ್ರೂ ಸುತ್ತಳತೆ ಅಷ್ಟಾಗಿ ಕುಗ್ಗಲ್ಲ.

ಮಣ್ಣುದಾರಿ:
ಮೂರು ವಾರ ಆಯ್ತು, ವಾಪಸ್ ಬಂದೆ. ಹೇಳಿದ್ದನ್ನೆಲ್ಲ ಮಾಡ್ದೆ, ಮನೇಲಿ ಬೈಸ್ಕೊಂಡು.

ಮೊದಲು ಕಿಲೋಮೀಟರ್ ಕಲ್ಲು. 50 ಕಲ್ಲಿಗೆ ಮೀಟರ್ 47.1 ತೋರಿಸ್ತು, ಅಂದ್ರೆ ಗುಣಕ 1.06, ಮಾಸ್ತರ ಲೆಕ್ಕದ 1.0775 ಅಲ್ಲ. ಕೂತು ಯೋಚಿಸಿದಾಗ ಹೊಳೀತು, ಹಳೇ ಟೈರಿದ್ದಾಗಲೇ ಮೀಟರ್ ಒಂದೂವರೆ ಪರ್ಸೆಂಟ್ ಜಾಸ್ತಿ ಓಡ್ತಿತ್ತು ಅಂತ ಕಾಣತ್ತೆ. ಹಂಗಾದ್ರೆ ನನ್ನ ಹಳೇ 11.2ನೂ ಸುಳ್ಳು, ಅದು 11.03. ಹೊಸದು 9.92. ತಮಾಷೆ ಏನಂದ್ರೆ ಎರಡೂ ತಿದ್ದಿದ ಮೇಲೂ ಬಿದ್ದಿದ್ದು ಅದೇ 10%! ಯಾಕಂದ್ರೆ ಮೀಟರಿನ ಮೂಲ ತಪ್ಪು ಎರಡು ಕಡೆಯೂ ಒಂದೇ, ಹೋಲಿಸಿದಾಗ ಹೊಡೆದು ಹೋಗತ್ತೆ.

ಆಮೇಲೆ ಟ್ರೇಲು, ಅದೇ ದಾರಿ. ಡೀಸೆಲ್ ಈ ಸಲ ತೂಕ ಹಾಕಿ ಅಳೆದೆ. ಶುರುವಾಗೋ ಜಾಗದಲ್ಲಿ ಸಮತಟ್ಟು ನೋಡಿ ಗಾಡಿ ನಿಲ್ಸಿ ಚಕ್ರದ ಹತ್ರ ಕಲ್ಲಿಟ್ಟು ಗುರುತು ಮಾಡಿ, ಟ್ಯಾಂಕ್ ಬಾಯಿ ತನಕ ನಿಧಾನವಾಗಿ ತುಂಬ್ಸಿದೆ. ಮುಗಿಸಿ ಬಂದು ಅದೇ ಗುರುತಲ್ಲಿ ನಿಲ್ಸಿ, ಅರ್ಧ ಗಂಟೆ ಬಿಟ್ಟು, ಜೆರಿ ಕ್ಯಾನಿಂದ ಅದೇ ಮಟ್ಟಕ್ಕೆ ತುಂಬ್ಸಿದೆ. ಕ್ಯಾನನ್ನ ತೂಗುಹಾಕೋ ತಕ್ಕಡಿಯಲ್ಲಿ ಮೊದಲೂ ಆಮೇಲೂ ತೂಗಿದೆ, 7.3 ಕೆಜಿ ಕಮ್ಮಿ ಆಗಿತ್ತು. ಲೀಟರಿಗೆ 0.83 ಕೆಜಿ ಅಂದ್ರೆ 8.8 ಲೀಟರ್. ಇಂಜಿನ್ ಓಡಿದ್ದು ಸರಿಯಾಗಿ 5 ಗಂಟೆ, ಗಂಟೆಗೆ 1.76.

ಈಗ ದೂರ. ಓಡೋಮೀಟರ್ 31. ಟೈರ್ ತಿದ್ದಿದ್ರೆ 32.9. ನನ್ನ ಫೋನು 27.4. ಹಿಂದಿನ ಗಾಡಿಯೋರ ಕೈ ಜಿಪಿಎಸ್ 28.9. ಒಂದೇ ದಾರಿ, ಒಂದೇ ಗಾಡಿ, ಒಂದೇ ಡೀಸೆಲ್, ಮೈಲೇಜ್ ಮಾತ್ರ ಲೀಟರಿಗೆ 3.1ರಿಂದ 3.7 ತನಕ ಯಾವುದು ಬೇಕೋ ಆರಿಸ್ಕೋಬಹುದು. ಭೀಮಣ್ಣ ಹೇಳಿದ್ದು ಈಗ ತಲೆಗೆ ಹೋಯ್ತು. ಮುಂದಿನ ಸಲ ಇದೇ ದಾರಿಗೆ ಹೋದ್ರೆ 9 ಲೀಟರ್ ಬೇಕು, ಅಷ್ಟೇ ನಾನು ಬರ್ಕೊಂಡಿದ್ದು.

ಇಂಜೆಕ್ಟರ್ ಮುಟ್ಟಿಲ್ಲ. ಟೈರೂ ಇರ್ಲಿ ಬಿಡಿ.

ಡೀಸೆಲಜ್ಜ:
ಶಭಾಷ್. ತಕ್ಕಡಿ ತಗೊಂಡು ಕಾಡಿಗೆ ಹೋದ ಮೊದಲನೇ ಮನುಷ್ಯ ನೀವೇ ಇರ್ಬೇಕು. ಬಾಯಿ ತನಕ ತುಂಬೋವಾಗ ಹುಷಾರು, ಬಿಸಿಲಿಗೆ ಹಿಗ್ಗಿ ಚೆಲ್ಲತ್ತೆ, ಪೆಟ್ರೋಲ್ ಗಾಡಿಯೋರಂತೂ ಇದನ್ನ ಮಾಡ್ಲೇಬೇಡಿ.

ಹೊಸಬ 44:
ಆ 13 ಬರತ್ತೆ ಅಂದ ಸ್ನೇಹಿತರು?

ಮಣ್ಣುದಾರಿ:
ಹೋಗಿ ಅವನ ಗಾಡಿ ನೋಡ್ದೆ. 235/70 ಆರ್16 ಹಾಕ್ಸಿದಾನೆ, ಯಾರೋ ಸೆಕೆಂಡ್ ಹ್ಯಾಂಡ್ ಕೊಟ್ರಂತೆ. ಮೂಲ ಸೈಜಿಗಿಂತ 5% ಚಿಕ್ಕದು, ಅವನ ಮೀಟರ್ ಸುಮ್ ಸುಮ್ನೆ ಓಡ್ತಿದೆ. ಅದರ ಮೇಲೆ 13 ಅನ್ನೋದು ಡ್ಯಾಶ್ ನಂಬರು, ಬಂಕಿನ ಲೆಕ್ಕ ಜನ್ಮದಲ್ಲೇ ಹಾಕಿಲ್ಲ. ಅವನ ಕಂಪ್ಯೂಟರೂ ನನ್ನದರಷ್ಟೇ ಬಡಾಯಿ ಕೊಚ್ಚತ್ತೆ ಅಂತ ಹಿಡಿದ್ರೆ 11.4 ಬರತ್ತೆ. ಲೆಕ್ಕ ಬರೆದು ಕಳಿಸಿದೀನಿ, ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.

ಎಣಿಕೆ ಮಾಸ್ತರ:
ಕಲ್ಲು ಎಣಿಸಿದ ದಿನ ಗಾಡಿಯಲ್ಲಿ ಎಷ್ಟು ಜನ ಇದ್ರಿ, ಟೈರಲ್ಲಿ ಗಾಳಿ ಎಷ್ಟಿತ್ತು?

ಮಣ್ಣುದಾರಿ:
ನಾನೊಬ್ನೇ. 32.

ಎಣಿಕೆ ಮಾಸ್ತರ:
ಹತ್ತು ಸುತ್ತಿನ ಅಳತೆನೂ ಒಂದ್ಸಲ ಮಾಡಿ, ಟ್ರೇಲಿಗೆ ಹೋಗೋವಾಗಿನ ಲೋಡ್ ಹಾಕಿ. ಹಿಂದಿನ ಚಕ್ರ, ಮುಂದಿನದಲ್ಲ.